ಅಪ್ಪನ ಕಾಗದಗಳನ್ನು ಹೊಲಿದುಕೊಟ್ಟ ಅಂಗಡಿ

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರದ ಗಲ್ಲಿಯಲ್ಲಿ ಒಂದು ಚಿಕ್ಕ ಬೈಂಡಿಂಗ್ ಅಂಗಡಿ ಇದೆ. ಅಪ್ಪ ಮತ್ತು ನಾನು ಬರೆದುಕೊಂಡ 43 ಕಾಗದಗಳನ್ನು ಅಲ್ಲಿ ಪುಸ್ತಕ ಮಾಡಿಸಿದೆ.

ಅಪ್ಪ ತೊಗರಿ ರೋಗಗಳ ವಿಜ್ಞಾನಿ. ನಾನು ಕೆಲಸಕ್ಕೆಂದು ಬೆಂಗಳೂರಿಗೆ ಹೋದ ಮೇಲೆ ನೀಲಿ ಇನ್‌ಲ್ಯಾಂಡ್ ಲೆಟರಿನಲ್ಲಿ ಬರೆಯುತ್ತಿದ್ದರು. 'ತಮ್ಮಾ, ಮಾರುತಿ ತೊಗರಿ ನಿಂತದ, ಬಾಜು ಹೊಲ ನೆಟೆ ರೋಗಕ್ಕ ಒಣಗ್ಯದ' ಅಂತ ಶುರು. ಮಾರುತಿ 1986ರಲ್ಲಿ ಬಂದ, ನೆಟೆ ರೋಗ ತಡೆಯುವ ತಳಿ. ಆ ರೋಗದ ಶಿಲೀಂಧ್ರ ಮಣ್ಣಿನಲ್ಲೇ ವರ್ಷಗಟ್ಟಲೆ ಉಳಿಯುತ್ತದೆ. ಬೇರಿನ ಮೂಲಕ ಒಳಹೊಕ್ಕು ಗಿಡದೊಳಗಿನ ನೀರಿನ ದಾರಿ ಕಟ್ಟಿಬಿಡುತ್ತದೆ. ಇದನ್ನೆಲ್ಲ ಬಿಡಿಸಿ ಬರೆದು, ಕೊನೆಗೆ ಒಂದೇ ಸಾಲು: 'ಊಟ ಬರೊಬ್ಬರಿ ಮಾಡ್ತಿಯಿಲ್ಲೋ?' ನನ್ನ ಉತ್ತರಗಳನ್ನೂ ತಾರೀಖಿನ ಪ್ರಕಾರ ಜೋಡಿಸಿಟ್ಟಿದ್ದರು. ನನಗೆ ಗೊತ್ತೇ ಇರಲಿಲ್ಲ.

ಬೇರೆ ಕಡೆ ಲ್ಯಾಮಿನೇಷನ್ ಮಾಡಿಸಿ ಅಂದಿದ್ದರು. ಈ ಅಂಗಡಿಯ ಕಾಕಾ ಬೇಡವೇ ಬೇಡ ಅಂದರು. ಬಿಸಿಗೆ ಅಂಟಿದ ಪ್ಲಾಸ್ಟಿಕ್ ಮತ್ತೆ ಬಿಡಿಸೋಕೆ ಆಗಲ್ಲ ಅಲ್ವಾ? ಒಂದೊಂದು ಕಾಗದದ ಅಂಚಿಗೂ ತೆಳು ಪಟ್ಟಿ ಅಂಟಿಸಿ, ಆ ಪಟ್ಟಿಗೆ ಮಾತ್ರ ದಾರದ ಹೊಲಿಗೆ ಹಾಕಿದರು. ಅಪ್ಪನ ಅಕ್ಷರಕ್ಕೆ ಸೂಜಿ ತಾಗಿಲ್ಲ.

ಒಂದು ಬೇಜಾರಿದೆ. ಅಂಚು ಸಮ ಮಾಡುವಾಗ ಒಂದು ಕಾಗದದ ತಾರೀಖು ಕತ್ತರಿಸಿ ಹೋಯಿತು. ನೀವು ಕೊಡುವುದಾದರೆ ಅಂಚು ಕತ್ತರಿಸಬೇಡಿ ಅಂತ ಮೊದಲೇ ಹೇಳಿ. 10 ದಿನ ಹಿಡಿಯಿತು, 700 ರೂಪಾಯಿ. ಜಾಸ್ತಿ ಅನಿಸಲಿಲ್ಲ.

ರಟ್ಟಿನ ಮೇಲೆ ಹೆಸರು ಹಾಕಿಸಲಿಲ್ಲ. ತೆಗೆದರೆ ಮೊದಲಿಗೆ ಕಾಣುವುದು ಕಳಿಸಿದವರ ವಿಳಾಸ, ಅಪ್ಪನ ಕೈಬರಹದಲ್ಲಿ 'ಗುಲ್ಬರ್ಗಾ'.