ಫೋಲ್ಡರಿನಲ್ಲಿ ಕಂಡದ್ದೆಲ್ಲ ಕ್ಲೌಡಿನಲ್ಲಿ ಇರುವುದಿಲ್ಲ

ಮನೆಯ ವಿಡಿಯೋಗಳನ್ನೆಲ್ಲ ಕ್ಲೌಡಿಗೆ ಹಾಕಿ, ರಾಸ್ಪ್‌ಬೆರಿ ಪೈ ಅನ್ನುವ ಒಂದು ಸಣ್ಣ ಅಂಗೈಯಗಲದ ಕಂಪ್ಯೂಟರ್ ಇಟ್ಟುಕೊಂಡು ಟಿವಿಯಲ್ಲಿ ನೋಡುವ ಆಲೋಚನೆ ಇದ್ದವರು ಇದನ್ನೊಮ್ಮೆ ಓದಿ. ಹೀಗೆ ಮಾಡಲು ಹೋಗಿ ನಾನು ಅಪ್ಪನ ಒಂದು ತಾಳಮದ್ದಳೆಯ ವಿಡಿಯೋವನ್ನೇ ಕಳೆದೆ. ಕ್ಲೌಡ್ ಕಂಪನಿಯದ್ದು ಏನೂ ತಪ್ಪಿಲ್ಲ. ಪೂರಾ ನನ್ನದೇ.

ನಮ್ಮ ಮನೆ ಕಾಸರಗೋಡಿನ ಬದಿಯಡ್ಕದ ಹತ್ತಿರ. ಅಪ್ಪ ಹವ್ಯಾಸಿ ಅರ್ಥಧಾರಿ, ಅಂದರೆ ತಾಳಮದ್ದಳೆಯಲ್ಲಿ ವೇಷವಿಲ್ಲದೆ ಕೂತು ಪಾತ್ರದ ಮಾತಾಡುವವರು. ಅವರ ಕೂಟಗಳ ಮಿನಿ ಡಿವಿ ಕ್ಯಾಸೆಟ್ಟುಗಳೇ ನಲ್ವತ್ತು ಇದ್ದವು. ಒಂದು ಗಂಟೆಯ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿದರೆ ಸುಮಾರು 13 ಜಿಬಿ. ಎಲ್ಲವನ್ನೂ ತಿಂಗಳ ಬಾಡಿಗೆಯ 2 ಟಿಬಿ ಕ್ಲೌಡಿಗೆ ಏರಿಸಿದೆ. ಕಪಾಟಿನಲ್ಲಿ ಸುಮ್ನೆ ಬಿದ್ದಿದ್ದ ಪೈ 3ಕ್ಕೆ ಆರ್‌ಕ್ಲೋನ್ ಹಾಕಿದೆ. ಅದು ಕ್ಲೌಡನ್ನು ಪೈಯ ಒಳಗಿನ ಒಂದು ಫೋಲ್ಡರಿನ ಹಾಗೆ ತೋರಿಸುತ್ತದೆ, ಮೌಂಟ್ ಅನ್ನುವುದು ಅದಕ್ಕೇ. ಅದರ ಮೇಲೆ ವಿಡಿಯೋಗಳನ್ನು ಟಿವಿಗೆ ಕಳಿಸುವ ಜೆಲ್ಲಿಫಿನ್. ಹಾರ್ಡ್ ಡಿಸ್ಕ್ ಬೇಡ, ಪೈಗೆ ಕರೆಂಟೂ ಹೆಚ್ಚು ಬೇಡ. ಎಷ್ಟು ಚಂದ ಅಲ್ವಾ?

ಮೊದಲ ದಿನವೇ ಅಪ್ಪ ಕೂಗಿದರು, "ಎಂತ ಮಾರಾಯ, ಭಾಗವತರು ಬಾಯಿ ಕಳೆದು ಹಾಗೇ ನಿಂತರಲ್ಲ!"

ನಿಲ್ಲದೆ ಏನು? ಡಿವಿ ಫೈಲಿಗೆ ವಿಡಿಯೋ ಒಂದಕ್ಕೇ ಸೆಕೆಂಡಿಗೆ 25 ಮೆಗಾಬಿಟ್ ಬೇಕು. ಟಿವಿಗೆ ಆ ಫಾರ್ಮ್ಯಾಟೇ ಗೊತ್ತಿಲ್ಲ. ಹಾಗಾಗಿ ಪೈ ಅದನ್ನು ಇಳಿಸಿಕೊಳ್ಳುತ್ತಲೇ ಬೇರೆ ಫಾರ್ಮ್ಯಾಟಿಗೆ ಬದಲಿಸಿ ಕೊಡಬೇಕು. ಪಾಪ, 1 ಜಿಬಿ ರ್ಯಾಮಿನ ಪೈಗೆ ಇದೆಲ್ಲ ಎಲ್ಲಿ ಆಗುತ್ತದೆ? ಲ್ಯಾಪ್‌ಟಾಪಿನಲ್ಲಿ ಕೂತು ಎಲ್ಲವನ್ನೂ ಟಿವಿಗೆ ಗೊತ್ತಿರುವ ಎಚ್.264 ಎಂಪಿ4 ಮಾಡಿ ಮತ್ತೆ ಏರಿಸಿದೆ. ಹೀಗೆ ಮಾಡುವವರು ಫಾರ್ಮ್ಯಾಟ್ ಬದಲಿಸುವ ಎಫ್‌ಎಫ್‌ಎಂಪೆಗ್‌ನಲ್ಲಿ ಫಾಸ್ಟ್‌ಸ್ಟಾರ್ಟ್ ಆಯ್ಕೆ ಹಾಕುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಫೈಲಿನ ಸೂಚಿ ಕೊನೆಯಲ್ಲಿ ಕೂತಿರುತ್ತದೆ, ಅದನ್ನು ತಂದ ಮೇಲೆಯೇ ವಿಡಿಯೋ ಶುರು.

ಆಮೇಲೆ ಡೇಟಾ ತೀರಿತು. ನಮ್ಮ ಪ್ಲಾನಿನ ಮಿತಿ ತಿಂಗಳಿಗೆ 1000 ಜಿಬಿ. ನಾವು ನೋಡಿದ್ದು ದಿನಕ್ಕೆ ಒಂದೆರಡು ಗಂಟೆ. ಒಂಬತ್ತನೇ ದಿನ ಸ್ಪೀಡ್ ಕುಸಿಯಿತು. ಫೋನ್ ಮಾಡಿದರೆ ಆ ಕಡೆಯ ಹುಡುಗಿ ಮಲಯಾಳದಲ್ಲಿ "ಡೇಟಾ ತೀರ್ನ್ನು ಸಾರ್" ಅಂದಳು. ಹುಡುಕಿದರೆ, ಜೆಲ್ಲಿಫಿನ್ನಿನಲ್ಲಿ ವಿಡಿಯೋದ ಅಧ್ಯಾಯಕ್ಕೊಂದು ಚಿತ್ರ ತೆಗೆಯುವ ಆಯ್ಕೆಯನ್ನು ನಾನೇ ಆನ್ ಮಾಡಿದ್ದೆ. ರಾತ್ರಿಯೆಲ್ಲ ಪ್ರತಿ ಫೈಲಿನ ಅಲ್ಲೊಂದು ಇಲ್ಲೊಂದು ತುಂಡು ಇಳಿಯುತ್ತಿತ್ತು. ಮೌಂಟಿನ ಮೇಲೆ ಇಂಥದ್ದೆಲ್ಲ ಆಫ್ ಇರಲಿ.

ಇದೆಲ್ಲ ಕಿರಿಕಿರಿ ಅಷ್ಟೇ. ನಿಜವಾದ ಪೆಟ್ಟು ಬಿದ್ದದ್ದು ಆಟಿ ತಿಂಗಳಲ್ಲಿ.

ನಮ್ಮಲ್ಲಿ ಮಳೆಗಾಲ ಅಂದರೆ ತಾಳಮದ್ದಳೆ. ಮಳೆಗಾಲ ಅಂದರೆ ಕರೆಂಟು ಹೋಗುವುದೂ ಹೌದು. ಎಲ್ಲೋ ಒಂದು ಅಡಿಕೆ ಮರ ತಂತಿಯ ಮೇಲೆ ಬಿದ್ದರೆ ಮುಗಿಯಿತು. ಆ ದಿನ ಅಪ್ಪನದ್ದು ಕರ್ಣನ ಅರ್ಥ. ಭಾವ ಫೋನಿನಲ್ಲಿ ಪೂರಾ ರೆಕಾರ್ಡ್ ಮಾಡಿದ್ದರು. ಮೂರು ಗಂಟೆ, ಹತ್ತಿರ ಹತ್ತಿರ 23 ಜಿಬಿ. ನಮ್ಮ ಮನೆಗೆ ಬಂದು ವೈಫೈಯಲ್ಲೇ ಪೈಯ ಫೋಲ್ಡರಿಗೆ ಕಳಿಸಿದರು. "ಬಂತಾ ನೋಡು, ನನ್ನ ಫೋನು ತುಂಬಿದೆ" ಅಂದರು. ನೋಡಿದೆ. ಫೈಲ್ ಇತ್ತು, ಗಾತ್ರವೂ ಸರಿ ಇತ್ತು.

"ಬಂತು ಭಾವ, ಅಳಿಸಬಹುದು."

ಭಾವ ಕಳಿಸಲು ಶುರು ಮಾಡುವ ಅರ್ಧ ಗಂಟೆ ಮೊದಲು ಕರೆಂಟು ಹೋಗಿ ಬಂದಿತ್ತು. ಪೈ ಅರ್ಧ ನಿಮಿಷದಲ್ಲಿ ಎದ್ದು ಕೂರುತ್ತದೆ. ಫೈಬರಿನ ಪೆಟ್ಟಿಗೆಗೆ ಲೈನ್ ಸಿಗಲು ಮೂರು ನಿಮಿಷ ಬೇಕು. ಆರ್‌ಕ್ಲೋನ್ ಒಮ್ಮೆ ಪ್ರಯತ್ನಿಸಿದೆ, ನೆಟ್ ಇಲ್ಲ, ಸುಮ್ಮನಾಗಿದೆ. ಅಂದರೆ ಮೌಂಟ್ ಇಲ್ಲ. ಆದರೆ ಫೋಲ್ಡರ್ ಎಲ್ಲಿಗೂ ಹೋಗುವುದಿಲ್ಲ. ಅದೇ ಹೆಸರಿನ ಖಾಲಿ ಫೋಲ್ಡರ್, ಪೈಯ ಎಸ್‌ಡಿ ಕಾರ್ಡಿನಲ್ಲಿ. ಭಾವನ ಆಪ್ ಬೇಕಾದ ಸಬ್‌ಫೋಲ್ಡರನ್ನು ತಾನೇ ಮಾಡಿಕೊಂಡು 23 ಜಿಬಿಯನ್ನೂ ಅಲ್ಲಿ ಇಳಿಸಿದೆ. ಕ್ಲೌಡಿಗೆ ಒಂದು ಬೈಟೂ ಹೋಗಿಲ್ಲ.

ಮರುದಿನ ಜೆಲ್ಲಿಫಿನ್ನಿನಲ್ಲಿ ಹಳೆಯ ವಿಡಿಯೋ ಒಂದೂ ಇಲ್ಲ. ಆರ್‌ಕ್ಲೋನನ್ನು ಕೈಯಾರೆ ಓಡಿಸಿದೆ. ಫೋಲ್ಡರ್ ಖಾಲಿ ಇಲ್ಲ, ಆದರೂ ಮೌಂಟ್ ಮಾಡುವುದಾದರೆ ‘ಅಲೋ ನಾನ್ ಎಂಪ್ಟಿ’ ಸೇರಿಸು ಅಂತ ಬಂತು. ಖಾಲಿ ಯಾಕೆ ಇಲ್ಲ ಅಂತ ಒಂದು ಕ್ಷಣ ಯೋಚಿಸಿದ್ದರೆ ಸಾಕಿತ್ತು. ನಾನು ಅದು ಹೇಳಿದ್ದನ್ನು ಸೇರಿಸಿ ಎಂಟರ್ ಒತ್ತಿದೆ. ಹಳೆಯ ವಿಡಿಯೋಗಳೆಲ್ಲ ಬಂದವು. ಕರ್ಣ ಅದರ ಅಡಿಯಲ್ಲಿ ಮುಚ್ಚಿಹೋದ. ಮೌಂಟ್ ತೆಗೆಯದೆ ಅವನು ಕಾಣುವುದಿಲ್ಲ.

ಎರಡು ವಾರದಲ್ಲಿ ಇನ್ನೊಂದು ಸಲ ಕರೆಂಟು ಹೋಗಿ ಪೈ ಏಳಲೇ ಇಲ್ಲ. ಕಾರ್ಡಿನಲ್ಲಿದ್ದ ಸಿಸ್ಟಮ್ ಕೆಟ್ಟಿತ್ತು. ಆರ್‌ಕ್ಲೋನಿನ ಕ್ಯಾಶೆಯನ್ನೂ (ಫೈಲುಗಳ ತಾತ್ಕಾಲಿಕ ಸಂಗ್ರಹ) ಅದೇ ಕಾರ್ಡಿನಲ್ಲಿ ಇಟ್ಟಿದ್ದೆ, ಹಗಲು ರಾತ್ರಿ ಬರೆದು ಅಳಿಸಿ ಅದು ಬಳಲಿತ್ತು. ನನಗೆ ಚಿಂತೆಯೇ ಇಲ್ಲ, ಎಲ್ಲ ಕ್ಲೌಡಿನಲ್ಲಿ ಇದೆಯಲ್ಲ! ಅದೇ ಕಾರ್ಡಿಗೆ ಹೊಸದಾಗಿ ಸಿಸ್ಟಮ್ ಬರೆದೆ. ಇಪ್ಪತ್ತೇ ನಿಮಿಷದಲ್ಲಿ ಸರಿ ಮಾಡಿದೆ ಅಂತ ಹೆಂಡತಿಯ ಹತ್ತಿರ ಜಂಬ ಬೇರೆ.

ಅಪ್ಪ ಕೇಳಿದ್ದು ಚೌತಿಯ ಹೊತ್ತಿಗೆ, "ಆ ಕರ್ಣನದ್ದು ಒಮ್ಮೆ ಹಾಕು ಮಾರಾಯ." ರಿಕವರಿ ಸಾಫ್ಟ್‌ವೇರ್ ಓಡಿಸಿದಾಗ ತೆರೆಯಲಾಗದ ಚೂರುಗಳು ಸಿಕ್ಕಿದವು. ಉಳಿದದ್ದು ಭಾವ ಸ್ಟೇಟಸ್ಸಿಗೆ ಅಂತ ಕತ್ತರಿಸಿದ ಮೂವತ್ತು ಸೆಕೆಂಡು. ಶಲ್ಯ ಕೆಣಕುತ್ತಾನೆ, ಕರ್ಣ ಗಂಟಲು ಸರಿ ಮಾಡಿಕೊಳ್ಳುತ್ತಾನೆ, ಅಷ್ಟೇ.

ನೀವು ಈ ದಾರಿ ಹಿಡಿಯುವುದೇ ಆದರೆ, ಮೌಂಟ್ ಮಾಡುವ ಮೊದಲು ಆ ಖಾಲಿ ಫೋಲ್ಡರಿಗೆ ಚಾಟ್ಟರ್ (chattr) ಕಮಾಂಡಿನಲ್ಲಿ ‘+ಐ’ (+i) ಕೊಡಿ. ಆಗ ಮೌಂಟ್ ಇಲ್ಲದಾಗ ಅದರೊಳಗೆ ಯಾರೂ ಏನೂ ಬರೆಯಲಾಗದು, ಕಾಪಿ ಅಲ್ಲೇ ಎರರ್ ಕೊಡುತ್ತದೆ. ಆರ್‌ಕ್ಲೋನ್ ಸರ್ವಿಸ್ ನೆಟ್ ಸಿಗುವ ತನಕ ಮತ್ತೆ ಮತ್ತೆ ಪ್ರಯತ್ನಿಸುವಂತಿರಲಿ. ಆ ‘ಅಲೋ ನಾನ್ ಎಂಪ್ಟಿ’ಯ ಸಹವಾಸ ಬೇಡವೇ ಬೇಡ. ಕ್ಯಾಶೆ ಎಸ್‌ಡಿ ಕಾರ್ಡಿನಲ್ಲಿ ಬೇಡ. ಮೌಂಟ್ ಸರಿ ಇದ್ದರೂ ನಂಬಬೇಡಿ, ಯಾಕೆಂದರೆ ಕ್ಯಾಶೆ ಇಟ್ಟಾಗ ಫೈಲ್ ಮೊದಲು ಕ್ಯಾಶೆಗೆ ಬೀಳುತ್ತದೆ, ಅಪ್‌ಲೋಡ್ ಹಿಂದಿನಿಂದ ನಿಧಾನಕ್ಕೆ ನಡೆಯುತ್ತದೆ. ಫೋಲ್ಡರಿನಲ್ಲಿ ಮಾತ್ರ ಕೂಡಲೇ ಕಾಣುತ್ತದೆ. ಹಾಗಾಗಿ ಮೊಬೈಲ್ ಡೇಟಾ ಹಾಕಿ, ಬ್ರೌಸರಿನಲ್ಲಿ ಕ್ಲೌಡ್ ಖಾತೆ ತೆರೆದು, ಅಲ್ಲೇ ವಿಡಿಯೋ ಓಡಿಸಿ ನೋಡಿ. ಅದರ ಮೊದಲು "ಅಳಿಸಬಹುದು" ಅನ್ನುವ ಮಾತು ಬಾಯಿಂದ ಬರಬಾರದು.

ನಾನು ಈಗ 2 ಟಿಬಿ ಹಾರ್ಡ್ ಡಿಸ್ಕ್ ತಂದಿದ್ದೇನೆ. ಟಿವಿ ಅದರಿಂದಲೇ ಓಡುತ್ತದೆ, ಕ್ಲೌಡ್ ಎರಡನೇ ಪ್ರತಿಗೆ ಮಾತ್ರ. ಈ ಆಟಿಯಲ್ಲೂ ಭಾವ ರೆಕಾರ್ಡ್ ಮಾಡಿದರು. ಅಳಿಸಬಹುದಾ ಅಂತ ಈ ಸಲ ಕೇಳಲಿಲ್ಲ. ತಮ್ಮದೇ ಒಂದು ಹಾರ್ಡ್ ಡಿಸ್ಕ್ ತಗೊಂಡಿದ್ದಾರಂತೆ.