ಹಂದಿ ಕಾಯುವ ರಾತ್ರಿಗೆ ಯಾವ ಥರ್ಮಲ್ ಸ್ಕೋಪ್?

ಥರ್ಮಲ್ ಸ್ಕೋಪ್, ಅಂದರೆ ಕತ್ತಲಲ್ಲೂ ಮೈಶಾಖವನ್ನು ಬೆಳ್ಳಗೆ ತೋರಿಸುವ ಕೋವಿಯ ದುರ್ಬೀನು, ಕೊಳ್ಳಲು ಹೊರಟವರೆಲ್ಲ ಮೊದಲು ಕೇಳುವುದು ‘384 ಸಾಕೇ, 640 ಬೇಕೇ’ ಎಂದು; ಸೆನ್ಸರಿನಲ್ಲಿ ಅಡ್ಡಲಾಗಿರುವ ಚುಕ್ಕಿಗಳ (ಪಿಕ್ಸೆಲ್‌ಗಳ) ಸಂಖ್ಯೆ ಅದು. ಮಧ್ಯ ಟೆಕ್ಸಾಸ್‌ನ ಬ್ರಾಜೋಸ್ ನದಿ ಬಯಲಿನ ಮೆಕ್ಕೆಜೋಳದ ಹೊಲಗಳಲ್ಲಿ ಮೂರು ಬಗೆಯ ಸ್ಕೋಪ್‌ಗಳನ್ನು ಸೆಕೆಯಲ್ಲೂ ಚಳಿಯಲ್ಲೂ ಬಳಸಿ ನೋಡಿದ ಮೇಲೆ ನನ್ನ ಪಟ್ಟಿಯಲ್ಲಿ ಆ ಪ್ರಶ್ನೆ ಕೆಳಕ್ಕೆ ಇಳಿದಿದೆ. ಮೊದಲು ಕೇಳಬೇಕಾದದ್ದು ಬ್ಯಾಟರಿಯ ಬಗ್ಗೆ. ಆಮೇಲೆ, ಗುಂಡು ಹಾರಿದ ಮೇಲೂ ಝೀರೋ, ಅಂದರೆ ಗುರಿಗೆರೆಗೂ ಗುಂಡು ಬೀಳುವ ಜಾಗಕ್ಕೂ ಮಾಡಿಟ್ಟ ಹೊಂದಿಕೆ, ಕದಲದೆ ನಿಲ್ಲುತ್ತದೆಯೇ ಎಂಬ ಬಗ್ಗೆ.

ಇಲ್ಲಿನ ಹಂದಿಗಳ ಕಾಟ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಮಾರ್ಚ್ ತಿಂಗಳಲ್ಲಿ ಜೋಳ ಬಿತ್ತಿದ ರಾತ್ರಿಯೇ ಹಿಂಡು ಬಂದು ಸಾಲು ಹಿಡಿದು ಮೂತಿಯಿಂದ ಮಣ್ಣು ಸೀಳುತ್ತಾ ಕಾಳನ್ನೆಲ್ಲ ಹೆಕ್ಕಿಬಿಡುತ್ತದೆ. ಟೆಕ್ಸಾಸ್‌ನಲ್ಲಿ ಇವುಗಳಿಗೆ ಬೇಟೆಯ ಋತುವೆಂಬುದಿಲ್ಲ, ರಾತ್ರಿ ಹೊಡೆಯುವುದಕ್ಕೂ ಅಡ್ಡಿಯಿಲ್ಲ. 2019ರ ಸೆಪ್ಟೆಂಬರ್‌ನಿಂದ ಖಾಸಗಿ ಜಮೀನಿನಲ್ಲಿ ಮಾಲೀಕರ ಒಪ್ಪಿಗೆ ಇದ್ದರೆ ಹಂದಿ ಹೊಡೆಯಲು ಬೇಟೆ ಲೈಸೆನ್ಸ್ ಕೂಡ ಬೇಕಿಲ್ಲ. ಆದರೆ ಎಚ್-1ಬಿ ವೀಸಾದಲ್ಲಿರುವ ನಮ್ಮವರು ಈ ಮಾತನ್ನು ನಂಬಿ ಕೂರಬಾರದು. ಅಂಥ ವೀಸಾದವರು ಕೋವಿ ಹಿಡಿಯುವುದನ್ನೇ ಕೇಂದ್ರದ ಕಾನೂನು ನಿಷೇಧಿಸುತ್ತದೆ. ಅದಕ್ಕಿರುವ ವಿನಾಯಿತಿಗಳಲ್ಲಿ ಒಂದು, ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್. ಅಂದರೆ ಹಂದಿಗೆ ಬೇಡವಾದ ಲೈಸೆನ್ಸ್ ಕೋವಿಗೆ ಬೇಕು.

ಇನ್ನು ಸ್ಕೋಪ್‌ಗಳು. ತಯಾರಕರ ಹೆಸರು ಬೇಡ, ಈ ಮೂರು ಬಗೆಗಳು ಬಹುತೇಕ ಎಲ್ಲರ ಬಳಿಯೂ ಇವೆ. ಮೊದಲನೆಯದು ಚಿಕ್ಕದು: 384 ಸೆನ್ಸರ್, 25 ಮಿಲಿಮೀಟರ್ ಲೆನ್ಸ್, ಎರಡು ಸಿಆರ್123 ಸೆಲ್. ಎರಡನೆಯದು ಜಾಣ: 384 ಸೆನ್ಸರ್, 35ರ ಲೆನ್ಸ್, ಜೊತೆಗೆ ದೂರಮಾಪಕ, ವಿಡಿಯೊ, ವೈಫೈ, ಗುಂಡಿನ ಇಳಿತವನ್ನು ತಾನೇ ಲೆಕ್ಕ ಹಾಕುವ ತಂತ್ರಾಂಶ. ಮೂರನೆಯದು ದೊಡ್ಡದು: 640 ಸೆನ್ಸರ್, 50ರ ಲೆನ್ಸ್, ಸಾಮಾನ್ಯ ದುರ್ಬೀನಿನಂತೆ 30 ಮಿಲಿಮೀಟರ್ ಕೊಳವೆ. ಚಿಕ್ಕದರ ಬೆಲೆಗೆ ಹೋಲಿಸಿದರೆ ದೊಡ್ಡದರ ಬೆಲೆ ಮೂರು ಪಟ್ಟಿಗಿಂತ ಹೆಚ್ಚು.

384, 640 ಎಂಬ ಅಂಕಿಗಳ ಬಗ್ಗೆ ಅಂಗಡಿಯವರು ಹೇಳದ ಒಂದು ಸಂಗತಿ ಇದೆ. ಲೆನ್ಸ್ ಒಂದೇ ಆಗಿದ್ದು, ಸೆನ್ಸರಿನ ಚುಕ್ಕಿಯ ಅಳತೆಯೂ ಒಂದೇ ಆಗಿದ್ದರೆ, ಹಂದಿಯ ಮೈಮೇಲೆ ಬೀಳುವ ಚುಕ್ಕಿಗಳ ಸಂಖ್ಯೆ ಎರಡರಲ್ಲೂ ಒಂದೇ. 640 ಕೊಡುವುದು ಅಗಲವಾದ ನೋಟವನ್ನು ಮಾತ್ರ. ವಿವರ ಬರುವುದು ಲೆನ್ಸಿನಿಂದ. 12 ಮೈಕ್ರಾನ್ ಚುಕ್ಕಿಯ ಸೆನ್ಸರಿಗೆ 25ರ ಲೆನ್ಸ್ ಹಾಕಿದರೆ 200 ಮೀಟರ್ ದೂರದಲ್ಲಿ ಒಂದೊಂದು ಚುಕ್ಕಿ ಸುಮಾರು 9.6 ಸೆಂಟಿಮೀಟರ್ ಜಾಗವನ್ನು ನುಂಗುತ್ತದೆ. ಒಂದು ಮೀಟರ್ ಇಪ್ಪತ್ತು ಸೆಂಟಿಮೀಟರ್ ಉದ್ದದ ಹಂದಿ ಅಲ್ಲಿ ಅಡ್ಡಲಾಗಿ ಬರೀ ಹನ್ನೆರಡು ಚುಕ್ಕಿ. ತಲೆ ತಗ್ಗಿಸಿ ಮೇಯುವ ಎಳೆಗರುವೂ ಹೆಚ್ಚುಕಡಿಮೆ ಅಷ್ಟೇ. 50ರ ಲೆನ್ಸಿನಲ್ಲಿ ಅದೇ ಹಂದಿ ಇಪ್ಪತ್ತೈದು ಚುಕ್ಕಿಯಾಗುತ್ತದೆ; ಆಗ ಕಾಲಿನ ಉದ್ದ, ಕತ್ತಿನ ಇಳಿಜಾರು, ಬಾಲದ ಆಟ ಬೇರೆಬೇರೆಯಾಗಿ ಕಾಣುತ್ತವೆ. ಪಕ್ಕದ ಹುಲ್ಲುಗಾವಲಿನಲ್ಲಿ ದನ ಇರುವ ಕಡೆ ನಾನು ಚಿಕ್ಕದನ್ನು ನೂರು ಮೀಟರಿನಿಂದ ಆಚೆಗೆ ನಂಬುವುದಿಲ್ಲ. ಈ ಒಂದು ವಿಷಯದಲ್ಲಿ ದೊಡ್ಡದಕ್ಕೆ ಎದುರಾಳಿಯೇ ಇಲ್ಲ.

ಮಳೆ ನಿಂತ ರಾತ್ರಿಯೂ ದೊಡ್ಡದರ ಪರವೇ. ನೆಲ, ಕಳೆ, ಬೇಲಿಕಂಬ ಎಲ್ಲವೂ ನೆನೆದು ಒಂದೇ ಬಿಸಿಗೆ ಬಂದಿರುತ್ತವೆ. ಸೆನ್ಸರಿನ ಸೂಕ್ಷ್ಮತೆಯನ್ನು ಮಿಲಿಕೆಲ್ವಿನ್‌ನಲ್ಲಿ ಅಳೆಯುತ್ತಾರೆ, ಅಂಕಿ ಕಡಿಮೆಯಾದಷ್ಟೂ ಒಳ್ಳೆಯದು. ದೊಡ್ಡದರದು 25ಕ್ಕಿಂತ ಕಡಿಮೆ, ಚಿಕ್ಕದರದು 40ರ ಆಸುಪಾಸು. ಒಣ ಚಳಿಯಲ್ಲಿ ಈ ಅಂತರ ಗೊತ್ತೇ ಆಗುವುದಿಲ್ಲ. ನೆನೆದ ಹೊಲದಲ್ಲಿ ಮಾತ್ರ ಚಿಕ್ಕದರ ಪರದೆ ಬೂದು ಗಂಜಿಯಾಗಿಬಿಡುತ್ತದೆ. ಕೆಸರಿನಲ್ಲಿ ಹೊರಳಿ ಆಗಷ್ಟೇ ಎದ್ದು ಬಂದ ಹಂದಿಯಂತೂ ಯಾವ ಸ್ಕೋಪಿನಲ್ಲೂ ಪೂರ್ತಿ ಬೆಳ್ಳಗೆ ಕಾಣುವುದಿಲ್ಲ: ಹೊಟ್ಟೆ, ಪಕ್ಕೆಗಳು ನೆಲದ ಬಣ್ಣ, ಬೆನ್ನಿನ ಮೇಲೊಂದು ಬೆಳ್ಳನೆಯ ಪಟ್ಟಿ, ಎರಡು ಕಿವಿ.

ಜಾಣ ಸ್ಕೋಪಿನ ಚಿತ್ರದ ಬಗ್ಗೆ ನನ್ನ ತಕರಾರಿಲ್ಲ, ಚೆನ್ನಾಗಿಯೇ ಇದೆ. ತಕರಾರು ಅದರ ನಡತೆಯ ಬಗ್ಗೆ. ಥರ್ಮಲ್ ಸ್ಕೋಪ್‌ಗಳಲ್ಲಿ ಆಗಾಗ ಒಳಗಿನ ಶಟರ್ ‘ಟಿಕ್’ ಎಂದು ಮುಚ್ಚಿ ಸೆನ್ಸರನ್ನು ಸರಿಹೊಂದಿಸುತ್ತದೆ; ಆ ಅರೆಕ್ಷಣ ಚಿತ್ರ ನಿಂತುಬಿಡುತ್ತದೆ. ಚಿಕ್ಕದರಲ್ಲೂ ದೊಡ್ಡದರಲ್ಲೂ ಇದನ್ನು ಕೈಯಿಂದ ಮಾಡುವ ಆಯ್ಕೆ ಇದೆ: ಗುರಿ ಹಿಡಿಯುವ ಮೊದಲು ಗುಂಡಿ ಒತ್ತಿದರೆ ಮುಗಿಯಿತು. ಜಾಣದಲ್ಲೂ ಆ ಆಯ್ಕೆ ಇತ್ತು, ಆದರೆ ವಿಡಿಯೊ ಚಾಲೂ ಇದ್ದಾಗ ಅದರ ಚಿತ್ರ ಬೇರೆ ಕಾರಣಕ್ಕೂ ನಿಲ್ಲುತ್ತಿತ್ತು. ನಿಂತ ಚಿತ್ರ ಕಪ್ಪು ಪರದೆಗಿಂತ ಅಪಾಯಕಾರಿ. ಕಪ್ಪಾದರೆ ಬೆರಳು ತಾನಾಗಿ ಟ್ರಿಗರ್ ಬಿಡುತ್ತದೆ. ನಿಂತಾಗ ಹಂದಿ ಅಲ್ಲೇ ಇದೆ, ಗುರಿಗೆರೆ ಅದರ ಭುಜದ ಮೇಲೇ ಇದೆ ಎಂದು ಕಣ್ಣು ಹೇಳುತ್ತಿರುತ್ತದೆ; ನಿಜವಾದ ಹಂದಿ ನಾಲ್ಕು ಹೆಜ್ಜೆ ಮುಂದೆ ಹೋಗಿರುತ್ತದೆ, ಆ ಜಾಗಕ್ಕೆ ಇನ್ನೇನು ಬಂದಿದೆಯೋ ಗೊತ್ತಿರುವುದಿಲ್ಲ. .308 ಗುಂಡಿನ ಕೋವಿಯ ಒದೆತಕ್ಕೆ ಜಾಣ ಸ್ಕೋಪ್ ಒಮ್ಮೊಮ್ಮೆ ಆರಿ ಮತ್ತೆ ಹೊತ್ತಿಕೊಳ್ಳುತ್ತಿತ್ತು. ತಂತ್ರಾಂಶವನ್ನು ನವೀಕರಿಸಿದಾಗ ಉಳಿಸಿಟ್ಟಿದ್ದ ಝೀರೋ ಪೂರ್ತಿ ಅಳಿಸಿಹೋಯಿತು. ಕೋವಿಯ ಮೇಲೆ ಕೂರುವ ವಸ್ತುವಿಗೆ ವೈಫೈ ಯಾಕೆ ಬೇಕು ಎಂಬುದು ನನಗೆ ಇಂದಿಗೂ ಅರ್ಥವಾಗಿಲ್ಲ.

ಝೀರೋ ಮಾಡುವುದಕ್ಕೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಸಾಕು. ನಾಣ್ಯದಗಲದ ಚೂರನ್ನು ರಟ್ಟಿಗೆ ಅಂಟಿಸಿ, ರಟ್ಟನ್ನು ಸ್ವಲ್ಪ ಹಿಂದಕ್ಕೆ ವಾಲಿಸಿ ನಿಲ್ಲಿಸಿದರೆ, ಹಾಳೆ ತಣ್ಣನೆಯ ಆಕಾಶವನ್ನು ಪ್ರತಿಫಲಿಸಿ ಸ್ಕೋಪಿನಲ್ಲಿ ಕಡುಕಪ್ಪು ಚುಕ್ಕೆಯಾಗಿ ಕಾಣುತ್ತದೆ. ಹೀಗೆ ನೋಡಿದಾಗ ಚಿಕ್ಕದು ಕಳಚಿ ಮತ್ತೆ ಕೂರಿಸಿದ ಮೇಲೂ ನೂರು ಮೀಟರಿನಲ್ಲಿ ಎರಡು ಮೂರು ಸೆಂಟಿಮೀಟರಿನೊಳಗೇ ನಿಂತಿತು. ದೊಡ್ಡದು ರಿಂಗ್‌ಗಳಲ್ಲಿ ಬಿಗಿಯಾಗಿ ಕೂತಿರುವುದರಿಂದ ನಾನು ಅದನ್ನು ಕಳಚುವ ಗೋಜಿಗೆ ಹೋಗುವುದಿಲ್ಲ, ಅದೂ ಕದಲಿಲ್ಲ.

ಬ್ಯಾಟರಿಯಲ್ಲಿ ಚಿಕ್ಕದೇ ಗೆದ್ದಿತು, ಅದೂ ಕಡಿಮೆ ಹೊತ್ತು ನಡೆದು. ಸುಮಾರು ನಾಲ್ಕು ಗಂಟೆಗೆ ಸೆಲ್ ಮುಗಿಯುತ್ತವೆ. ಜೇಬಿನಿಂದ ಇನ್ನೆರಡು ತೆಗೆದು ಕತ್ತಲಲ್ಲೇ ಹಾಕಬಹುದು. ಲಿಥಿಯಂ ಸೆಲ್‌ಗಳು ಫೆಬ್ರವರಿಯ ಚಳಿಗೂ ಸುಲಭವಾಗಿ ಸೋಲುವುದಿಲ್ಲ. ದೊಡ್ಡದರಲ್ಲಿ ಒಳಗೊಂದು ಬ್ಯಾಟರಿ, ಬದಲಿಸಬಹುದಾದ ಇನ್ನೊಂದು. ಜಾಣದ್ದು ಪೂರ್ತಿ ಮುಚ್ಚಿದ ಬ್ಯಾಟರಿ. ತುಂಬಾ ಹೊತ್ತು ಬರುತ್ತದೆ, ಮುಗಿದರೆ ಮಾತ್ರ ಪವರ್ ಬ್ಯಾಂಕಿನ ವೈರು ನೇತಾಡಿಸಿಕೊಂಡು ಕೂರಬೇಕು.

ಆಗಸ್ಟ್‌ನ ಸೆಕೆಯಲ್ಲಿ ಎಸಿ ಹಾಕಿದ ಪಿಕಪ್‌ನಿಂದ ಇಳಿಸಿದೊಡನೆ ಮೂರರ ಲೆನ್ಸಿಗೂ ಹಬೆ ಕೂರುತ್ತದೆ. ಲೆನ್ಸ್ ಜರ್ಮೇನಿಯಂನದು, ಅದರ ಮೇಲಿನ ನೀರಿನ ಪದರವನ್ನು ಶಾಖದ ಕಿರಣ ದಾಟುವುದಿಲ್ಲ. ಅಂಗಿಯ ಚುಂಗಿನಿಂದ ಒರೆಸಿದರೆ ಲೇಪನ ಹಾಳಾಗುತ್ತದೆ. ಅರ್ಧ ಗಂಟೆ ಮೊದಲೇ ಹೊರಗಿಡುವುದೇ ದಾರಿ.

ಈಗ ನನ್ನ ಕೋವಿಯ ಮೇಲಿರುವುದು ದೊಡ್ಡದು, ಚಿಕ್ಕದು ಚೀಲದಲ್ಲಿ. ಒಂದೇ ಕೊಳ್ಳುವಷ್ಟು ಹಣವಿದ್ದು, ಸುತ್ತ ದನಗಳಿಲ್ಲದೆ ನೂರು ಮೀಟರಿನೊಳಗೆ ಹೊಡೆಯುವವರಾದರೆ ಚಿಕ್ಕದನ್ನೇ ಕೊಳ್ಳಿ. ಜಾಣವನ್ನು ಮಾರಿಬಿಟ್ಟೆ. ಕಾಫಿ ತೋಟಕ್ಕೆ ಹಂದಿ ಬರುತ್ತದೆ, ಮುಂದಿನ ಸಲ ಬರುವಾಗ ಒಂದು ತಂದುಕೊಡು ಎಂದು ಊರಿನ ನೆಂಟರು ಕೇಳುವುದುಂಟು. ಥರ್ಮಲ್ ರೈಫಲ್ ಸ್ಕೋಪ್‌ಗಳು ಅಮೆರಿಕದ ರಫ್ತು ನಿಯಂತ್ರಣಕ್ಕೆ ಒಳಪಟ್ಟಿವೆ, ಪರವಾನಗಿ ಇಲ್ಲದೆ ಸೂಟ್‌ಕೇಸಿನಲ್ಲಿ ಇಟ್ಟುಕೊಂಡು ವಿಮಾನ ಹತ್ತಿದರೂ ಅದು ರಫ್ತೇ. ತಲುಪಿಸಿದರೂ ಪ್ರಯೋಜನವಿಲ್ಲ: ಅಲ್ಲಿ ಅನುಮತಿ ಇಲ್ಲದೆ ಕಾಡುಹಂದಿ ಹೊಡೆಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.