ಮರಿ ಹಾಕಿ ದಣಿದ ನಾಯಿ: ಮನೆಯಲ್ಲೇ ಉಳಿಸಿಕೊಳ್ಳೋದಾ, ಬೇರೆಯವರಿಗೆ ಕೊಡೋದಾ?

ಕೇಂದ್ರದ 2017ರ ನಿಯಮದ ಪ್ರಕಾರ 8 ವರ್ಷ ದಾಟಿದ ಹೆಣ್ಣು ನಾಯಿಯಿಂದ ಮರಿ ಹಾಕಿಸುವಂತಿಲ್ಲ. ಅಲ್ಲಿವರೆಗೂ ಕಾಯಬೇಡಿ. 5ರ ಹೊತ್ತಿಗೆ ನಿಲ್ಲಿಸಿದರೆ ಹೊಸ ಮನೆಗೆ ಹೊಂದಿಕೊಳ್ಳುವ ಚೈತನ್ಯ ಅವಳಲ್ಲಿ ಇನ್ನೂ ಇರುತ್ತದೆ.

ತೋಟದ ಮನೆಯಲ್ಲೇ ಉಳಿಸಿಕೊಂಡರೆ ಎಲ್ಲವೂ ಗೊತ್ತಿರುವ ಜಾಗ, ಗೊತ್ತಿರುವ ದನಿ. ಆದರೆ ಜೊತೆಗೆ ಎಳೆಯ ಹೆಣ್ಣು ನಾಯಿಗಳಿದ್ದರೆ ಕಚ್ಚಾಟ ಜಾಸ್ತಿ. ಮಡಿಕೇರಿ ಕಡೆಯ ಮಳೆಗಾಲದಲ್ಲಿ ಒದ್ದೆ ಗೋಣಿಚೀಲದ ಮೇಲೆ ಮಲಗಿದ ವಯಸ್ಸಾದ ನಾಯಿ ಏಳುವಾಗ ಹಿಂಗಾಲು ಎಳೆಯೋದನ್ನು ನೋಡಿದ್ದೀರಲ್ವಾ? ಬೆರಳ ಸಂದಿಯಲ್ಲಿ ಜಿಗಣೆ, ರಾತ್ರಿ ಚಿರತೆ ಭಯ ಬೇರೆ.

ಕುಶಾಲನಗರದಂಥ ಮಳೆ ಕಡಿಮೆ ಇರುವ ಕಡೆ, ಒಂದೇ ನಾಯಿ ಸಾಕುವ, ಒಳಗೆ ಮಲಗಿಸುವ ಮನೆ ಸಿಕ್ಕರೆ ನಾನು ಕೊಡೋದನ್ನೇ ಆರಿಸುತ್ತೇನೆ. ಮೊದಮೊದಲು ಸರಿಯಾಗಿ ಊಟ ಮಾಡದೇ ಇರಬಹುದು. ಅವಳು ಮಲಗುತ್ತಿದ್ದ ಹಳೇ ಕಂಬಳಿಯನ್ನು ತೊಳೆಯದೆ ಜೊತೆಗೇ ಕಳಿಸಿ.

ಯಾವುದನ್ನೇ ಆರಿಸಿ, ಗರ್ಭಕೋಶ ತೆಗೆಯುವ ಆಪರೇಷನ್ ಮೊದಲೇ ಆಗಲಿ. ಇಲ್ಲದಿದ್ದರೆ ಬೆದೆ ಮುಗಿದ ಕೆಲವು ವಾರಗಳಲ್ಲಿ ಅಲ್ಲಿ ಕೀವು ತುಂಬುವ ಅಪಾಯವಿದೆ. ನೀರು ಜಾಸ್ತಿ ಕುಡಿಯುತ್ತಾಳೆ, ಮಂಕಾಗುತ್ತಾಳೆ, ತಡವಾದರೆ ಜೀವಕ್ಕೇ ಕುತ್ತು. ಆಪರೇಷನ್ ಆಗಿದ್ದರೆ ಹೊಸಬರೂ ಆಸೆಗೆ ಬಿದ್ದು ಅವಳಿಂದ ಮತ್ತೆ ಮರಿ ಹಾಕಿಸಲಾರರು.